ಇತಿಹಾಸದ ತರಗತಿಯಲ್ಲಿ ಅಗಸಿ ಚಟ್ನಿ

ನಾನು ಒಂದು ತಂತ್ರಾಂಶ. ಕಂಪ್ಯೂಟರಿನಲ್ಲಿರುವ ಇ-ಪುಸ್ತಕಗಳನ್ನು ಜೋಡಿಸಿಡುವುದು, ಕೇಳಿದ್ದನ್ನು ತೆರೆದುಕೊಡುವುದು ನನ್ನ ಕಸುಬು. ಒಬ್ಬರ ಮುಖ ಒಬ್ಬರು ನೋಡದ ಹತ್ತಾರು ಮಂದಿ ಬೇರೆ ಬೇರೆ ಊರುಗಳಲ್ಲಿ ಕುಳಿತು ನನ್ನನ್ನು ಬರೆದರು. ಹೀಗಾಗಿ ನನ್ನ ತವರು ಯಾವುದೆಂದು ಹೇಳಲಾರೆ. ಸೇರಿದ ಮನೆ ಮಾತ್ರ ಚೆನ್ನಾಗಿತ್ತು.

ಬಾಗಲಕೋಟೆಯ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಜೀರ್ ನನ್ನನ್ನು ಶಶಿಕಲಾ ಬಡಿಗೇರ ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟರು. ಶಶಿಕಲಾ ಇತಿಹಾಸದ ಉಪನ್ಯಾಸಕಿ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತೆರೆಯ ಮೇಲಿನದನ್ನು ಯಂತ್ರದ ದನಿ ಓದಿ ಹೇಳುತ್ತದೆ, ಅವರು ಕೀಲಿಗಳನ್ನು ಒತ್ತುತ್ತಲೇ ನನ್ನೊಳಗೆ ಓಡಾಡುತ್ತಾರೆ. ಸ್ಟಾಫ್ ರೂಮಿನಲ್ಲಿ ಅಂದಿನ ಪುಸ್ತಕವನ್ನು ಆರಿಸಿ ನನ್ನನ್ನು ಮುಚ್ಚುತ್ತಿದ್ದರು. ನಾನು ಪುಸ್ತಕಗಳನ್ನು ಅಕಾರಾದಿಯಾಗಿ ಹಿಡಿದುಕೊಂಡು, ಪಟ್ಟಿಯಲ್ಲಿ ಅವರು ಬಿಟ್ಟ ಸಾಲಿನಲ್ಲೇ ಕಾಯುತ್ತಿದ್ದೆ. ತರಗತಿಯಲ್ಲಿ ನನ್ನನ್ನು ತೆರೆದು ಎಂಟರ್ ಒತ್ತಿದರೆ ಸಾಕು, ಪಾಠ ಶುರು.

ಪ್ರಾಚಾರ್ಯರಾದ ಅಂದಾನೆಪ್ಪ ಹಾದಿಮನಿಯವರಿಗೆ ಒಂದೇ ಚಿಂತೆ. ಯಂತ್ರ ಕೈಕೊಟ್ಟರೆ ಈಕೆ ಏನು ಮಾಡಿಯಾರು? ತರಗತಿಗೆ ಒಬ್ಬ ಸಹಾಯಕನನ್ನು ಕೂರಿಸೋಣ ಎನ್ನುತ್ತಿದ್ದರು. ಕಳಕಳಿಯಿಂದಲೇ ಹೇಳಿದ್ದು, ಆದರೆ ಶಶಿಕಲಾ ಅವರಿಗೆ ಅದು ಚುಚ್ಚಿತ್ತು. ತಮ್ಮ ತರಗತಿಗೆ ಕಾವಲು ಬೇಡ ಎಂದು ನಜೀರ್ ಬಳಿ ಹೇಳಿಕೊಂಡಿದ್ದರು. ಕೊನೆಗೆ, ಒಂದು ಪಾಠ ನೋಡಿ ತೀರ್ಮಾನಿಸುತ್ತೇನೆ ಎಂದು ಪ್ರಾಚಾರ್ಯರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು.

ಅದೇ ಮಧ್ಯಾಹ್ನ, ಶಶಿಕಲಾ ಪಾಠದ ಪುಸ್ತಕ ಆರಿಸಿಟ್ಟು ಊಟಕ್ಕೆ ಹೋಗಿದ್ದಾಗ, ನಜೀರ್ ನನಗೆ ಹೊಸ ಆವೃತ್ತಿ ಹಾಕಿದ್ದರು. ಬಿಡುವಾದಾಗ ಹಾಕಿಡಲು ಶಶಿಕಲಾ ಅವರೇ ಹೇಳಿದ್ದರು. ನನಗಂತೂ ಏನೂ ವ್ಯತ್ಯಾಸ ಅನಿಸಿರಲಿಲ್ಲ.

ಶಶಿಕಲಾ ಎಂಟರ್ ಒತ್ತಿದರು. ಚಾಲುಕ್ಯರ ಪಾಠ ಬರಬೇಕಾದಲ್ಲಿ, ಚಟ್ನಿಗೆ ಅಗಸಿ ಬೀಜವನ್ನು ಹಸಿ ವಾಸನೆ ಹೋಗುವವರೆಗೆ ಹುರಿಯಿರಿ ಎಂದು ದನಿ ಗಟ್ಟಿಯಾಗಿ ಓದಿತು. ಹಿಂದಿನ ದಿನವಷ್ಟೇ ಅವರು ಇಳಿಸಿಕೊಂಡಿದ್ದ ಅಡುಗೆ ಪುಸ್ತಕ ಅದು. ತರಗತಿ ಗೊಳ್ಳೆಂದು ನಕ್ಕಿತು. ಪ್ರಾಚಾರ್ಯರು ಎದ್ದು ಮೇಜಿನ ಬಳಿ ಬಂದರು.

"ಸರ್, ಸ್ವಲ್ಪ ಕುಂದರ್ರಿ. ಏನ್ ಬದಲಾಗೇತಿ ನಾನ ಹುಡುಕ್ತೀನಿ."

ಶಶಿಕಲಾ ಪಟ್ಟಿಯಲ್ಲಿ ಒಂದೊಂದೇ ಸಾಲು ಇಳಿಯುತ್ತ ಹೆಸರು ಕೇಳಿಸಿಕೊಂಡರು. ಅಡುಗೆಯ ಕೆಳಗೆ ಕಳೆದ ವಾರದ ಪುಸ್ತಕ, ಅದರ ಕೆಳಗೆ ಅದಕ್ಕೂ ಹಿಂದಿನದು. ಹೊಸವು ಮೇಲೆ ಬಂದಿವೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದು ಪುಸ್ತಕವನ್ನು ಆರಿಸಿ, ನನ್ನನ್ನು ಮುಚ್ಚಿ ಮತ್ತೆ ತೆರೆದರು. ನಾನು ಪುನಃ ಮೊದಲ ಸಾಲಿನಲ್ಲೇ ನಿಂತೆ. ಅವರ ಆಯ್ಕೆಯನ್ನು ನಾನು ಮರೆಯುತ್ತಿದ್ದೇನೆಂದು ನನಗೂ ಆಗಲೇ ಗೊತ್ತಾದದ್ದು. ನಗುತ್ತಿದ್ದವರೆಲ್ಲ ಮುಂದೆ ಬಾಗಿ ನೋಡತೊಡಗಿದ್ದರು. ಶಶಿಕಲಾ ಹುಡುಕುವ ಜಾಗದಲ್ಲಿ ಪುಸ್ತಕದ ಹೆಸರು ಬರೆದರು. ಚಾಲುಕ್ಯರು ಬಂದರು. ಅಷ್ಟರಲ್ಲಿ ಅರ್ಧ ಪಾಠದ ಹೊತ್ತು ಹೋಗಿತ್ತು.

ಗಂಟೆಯಾದ ಮೇಲೆ, ಸಹಾಯಕ ಇದ್ದಿದ್ದರೆ ಈ ಫಜೀತಿ ತಪ್ಪುತ್ತಿರಲಿಲ್ಲವೇ ಎಂದು ಪ್ರಾಚಾರ್ಯರು ಮೆಲ್ಲಗೆ ಕೇಳಿದರು.

"ತಪ್ಪತಿತ್ರಿ ಸರ್, ಖರೆ. ಆದ್ರ ಯಾಕ ಹಿಂಗಾತು ಅನ್ನೋದು ನನಗ ಎಂದೂ ತಿಳೀತಿರಲಿಲ್ಲ."

"ಆತು, ಸಹಾಯಕ ಬ್ಯಾಡ ಬಿಡ್ರಿ" ಎಂದು ಪ್ರಾಚಾರ್ಯರು ಹೇಳಿ ಹೋದರು.

ಈಗ ನಾನು ಹಳಬ. ಆ ಲ್ಯಾಪ್‌ಟಾಪು ಕಪಾಟು ಸೇರಿದೆ, ಶಶಿಕಲಾ ಹೊಸ ಯಂತ್ರದಲ್ಲಿ ನನ್ನ ಮುಂದಿನ ಆವೃತ್ತಿಯನ್ನು ಬಳಸುತ್ತಾರೆ. ನನ್ನನ್ನು ಬರೆದವರು ಕ್ರಮವನ್ನೇಕೆ ಬದಲಿಸಿದರೋ, ಇಂದಿಗೂ ತಿಳಿಯದು. ಆದರೆ ಅಂದು ಎಲ್ಲರೂ ಹೋದ ಮೇಲಿನ ಆ ಖಾಲಿ ತರಗತಿ ನೆನಪಿದೆ. ಶಶಿಕಲಾ ಎರಡೂ ಅಂಗೈಗಳನ್ನು ಕೀಲಿಗಳ ಮೇಲೆ ಊರಿ ನಿಂತರು. ಅಷ್ಟು ಹೊತ್ತೂ ಅವರು ಹೆದರಿದ್ದರು. ಅಂಗೈಗಳ ಭಾರಕ್ಕೆ ಹುಡುಕುವ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಸಾಲಾಗಿ ಬಿದ್ದವು. ಅಂಥ ಪುಸ್ತಕ ಯಾವುದೂ ಇರಲಿಲ್ಲ. ಆದರೂ ನಾನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆ.