ಒಂದು ಹಾಳೆ ಕಡಿಮೆ

ದಹಿಸರ್‌ನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದಿದ್ದ ಹೋಟೆಲ್ ಮಾಲಕ ರೋಶನ್ ಶೆಟ್ಟರು ತಮ್ಮ ಮೆನು ಕಾರ್ಡಿನ ಮುಖಪುಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ದೋಸೆಯಾ, ಕಾವಲಿಯಾ? ಇದನ್ನು ನೋಡಿದ್ರೆ ಗಿರಾಕಿ ಎದ್ದು ವಡಾಪಾವ್ ತಿನ್ಲಿಕ್ಕೆ ಹೋಗ್ತಾನೆ ಮಾರಾಯಾ."

ಮಷಿನ್ ನಡೆಸುವ ಅನಿಲ ತಲೆ ಕೆರೆದುಕೊಂಡ. ಕಳೆದ ವರ್ಷ ಇದೇ ಮಷಿನಿನಲ್ಲಿ ಸೃಜನ್ ಮುದ್ರಿಸಿದ್ದ ಮುಖಪುಟದ ಹಾಳೆ ಪಕ್ಕದಲ್ಲೇ ಇತ್ತು. ಅದರಲ್ಲಿ ದೋಸೆಯ ಬಣ್ಣ ಅಂಚಿನಿಂದ ನಿಧಾನವಾಗಿ ಏರಿ ನಡುವೆ ಹೊಂಬಣ್ಣಕ್ಕೆ ನಿಂತಿತ್ತು. ಇದರಲ್ಲಿ ನಡುವೆಲ್ಲ ಸೀದಿತ್ತು.

"ಇಂಕೂ ಅದೇ, ಪೇಪರೂ ಅದೇ. ಮತ್ತೇನ್ ಮಾಡ್ಲಿ ವೈನಿ?" ಎಂದು ಅವನು ಪ್ರೂಫ್ ನೋಡುತ್ತಿದ್ದ ಸೃಜನ್‌ನ ಹೆಂಡತಿ ನೇತ್ರಾಳ ಕಡೆ ತಿರುಗಿದ.

ನೇತ್ರಾಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ, ಲೋಕಲ್ ರೈಲಿನ ಬಾಗಿಲಲ್ಲಿ ನಿಂತು, ಅವಳ ಅಂಗೈಗೆ ಹೆಬ್ಬೆರಳು ಒತ್ತಿ ಸೃಜನ್ ಹೇಳಿದ್ದ. ಚಿತ್ರವೆಂದರೆ ಬರೀ ಚುಕ್ಕಿಗಳು. ಅದನ್ನು ಕಾಗದಕ್ಕೆ ಒತ್ತುವ ರಬ್ಬರಿನ ಅಡಿಗೆ ಒತ್ತಾಗಿ ಇಡುವ ಕಾಗದದಲ್ಲಿ ಒಂದು ಹಾಳೆ ಹೆಚ್ಚಾದರೂ ಸಾಕು, ಚುಕ್ಕಿಗಳು ಹರಡಿ ಒಂದಕ್ಕೊಂದು ಅಂಟಿಕೊಂಡು ಎಲ್ಲ ಕಪ್ಪಾಗುತ್ತದೆ. ಈ ಮಷಿನಿಗೆ ಅಳತೆಗಿಂತ ಒಂದು ಹಾಳೆ ಕಡಿಮೆಯೇ ಇಡಬೇಕು. ಇದನ್ನು ಅವನು ಬೇರೆ ಯಾರಿಗೂ ಹೇಳಿರಲಿಲ್ಲ.

ಅವನು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಂಗಿಗಳನ್ನು ಅತ್ತೆ ಯಾರಿಗೋ ಕೊಟ್ಟರು. ಅವನ ಫೋನ್ ನಂಬರು ಬೇರೆಯವರಿಗೆ ಹೋಯಿತು. ಆ ದೋಸೆ ಮತ್ತೊಬ್ಬರ ಕೈಯಲ್ಲಿ ಬರುವುದಿಲ್ಲ ಎಂಬುದೊಂದು ಉಳಿದಿತ್ತು. ಹೇಳಿದರೆ ಅದೂ ಹೋಗುತ್ತದೆ.

"ನನಗೆ ಬೇರೆ ಪ್ರೆಸ್ ಸಿಗ್ಲಿಕ್ಕಿಲ್ವಾ?" ಎಂದರು ಶೆಟ್ಟರು. ಅನಿಲನ ಮುಖ ಸಣ್ಣದಾಯಿತು.

ನೇತ್ರಾ ಪೆನ್ನು ಕೆಳಗಿಟ್ಟಳು. "ರಬ್ಬರಿನ ಅಡಿಯಿಂದ ಒಂದು ಹಾಳೆ ತೆಗೆ ಅನಿಲ."

"ಅಳತಿ ಪ್ರಕಾರನ ಇಟ್ಟೀನ್ರಿ."

"ಗೊತ್ತುಂಟು. ತೆಗೆ."

ಅರ್ಧ ಗಂಟೆಯಲ್ಲಿ ದೋಸೆ ಹದವಾಗಿ ಬೆಂದು ಬಂತು. ಶೆಟ್ಟರು ಕಳೆದ ವರ್ಷದ್ದು, ಈಗಿನದ್ದು ಎರಡೂ ಹಾಳೆಗಳನ್ನು ಕಿಟಕಿಯ ಬಳಿ ಒಯ್ದು, ಹಿಂದೆ ಮುಂದೆ ಮಾಡಿ ನೋಡಿ, ನಗುತ್ತ ಮೇಜಿನ ಮೇಲೆ ಹಾಕಿದರು.

"ಈಗ ಸೃಜನ್ ಮಾಡಿದ್ದು ಯಾವುದು?"

ಅನಿಲ ನೇತ್ರಾಳನ್ನು ನೋಡಿದ. ಅವಳು ಬಗ್ಗಿದಳು. ಅಂಚು ನೋಡಿದಳು, ನಡು ನೋಡಿದಳು, ಚಟ್ನಿ ಬಟ್ಟಲಿನ ನೆರಳು ನೋಡಿದಳು. ಸಾವಿರದಲ್ಲಿಟ್ಟರೂ ಗುರುತಿಸುತ್ತೇನೆ ಅಂದುಕೊಂಡಿದ್ದಳು. ಗೊತ್ತಾಗಲಿಲ್ಲ.

ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.