ಜಪಾನಿ ಪಾರ್ಟು

"ಲೇ ಮಾಲತೇಶ, ನಿನ್ನ ಕರೆಸಿದ್ದು ಕಿರುಚಾಕೆ, ಮಾತಾಡಾಕಲ್ಲ. ಏಳನೇ ಕ್ಲಾಸು ದಾಟದ ಬಾಯಿಗೆ ಡೈಲಾಗ್ ಬೇರೆ ಕೇಡು!"

ಅಂಜನ್ ಕುಮಾರ್ ಇದನ್ನು ಎಲ್ಲರೆದುರೇ ಅಂದ. ದೇವರಾಜ ಅರಸು ಬಡಾವಣೆಯ ಅವನ ಸ್ಟುಡಿಯೋ ಅಂದರೆ ಮನೆಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಹಳೇ ಹಾಸಿಗೆ ಬಡಿದದ್ದು. ಹಾಲಿವುಡ್ ಯುದ್ಧದ ಸಿನಿಮಾಗಳಿಗೆ ಕನ್ನಡದ ಮಾತು ಹಾಕಿ ಯೂಟ್ಯೂಬಿಗೆ ಬಿಡುವುದು ಅವನ ದಂಧೆ. ಅಮೆರಿಕದ ಕ್ಯಾಪ್ಟನ್ನಿಗೆ ದನಿ ಕೊಡುವ ಅರುಣ್ ಕುಮಾರ್ ಕಿಸಕ್ಕನೆ ನಕ್ಕ. ನರ್ಸಿಗೆ ದನಿ ಕೊಡುವ ಆಶಾರಾಣಿ ನೆಲ ನೋಡಿದಳು.

ಹರಿಹರದ ಲೇತ್ ಕೆಲಸಕ್ಕೆ ರಜೆ ಹಾಕಿ, ಬಸ್ ಹತ್ತಿ ನಾನು ಬರುವುದು ಈ ಕಿರುಚಾಟಕ್ಕೆ. ಹಿಂದಿನ ಎರಡು ಸಿನಿಮಾದಲ್ಲಿ ಸತ್ತ ಜಪಾನಿ ಸೈನಿಕರೆಲ್ಲ ನಾನೇ. ಹುಲ್ಲಿನಿಂದ ಎದ್ದು ಹಲ್ಲು ಕಿರಿದು ಓಡಿ ಬರಬೇಕು, 'ಹ್ಯಾ' ಅನ್ನಬೇಕು, ಬೀಳಬೇಕು. ಅಮೆರಿಕದವನು ಸಾಯುವಾಗ ಪಿಟೀಲು ಬಾರಿಸುತ್ತಾರೆ. ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಊರು, ತಾಯಿ, ಹುಡುಗಿ ಎಲ್ಲರನ್ನೂ ನೆನೆಯುತ್ತಾನೆ. ಜಪಾನಿಯವನಿಗೆ ತಾಯಿಯೇ ಇಲ್ಲ. ಗುಂಪಿನಲ್ಲಿ ಬಂದು ಗುಂಪಿನಲ್ಲಿ ಸಾಯುತ್ತಾನೆ, ಬೆಳೆಗೆ ಬಿದ್ದ ಮಿಡತೆಯ ಹಾಗೆ.

ಮೂರನೇ ಸಿನಿಮಾದಲ್ಲಿ ಮಾತಿನ ಪಾರ್ಟು ಕೊಡುತ್ತೇನೆ ಎಂದಿದ್ದ ಅಂಜನ್. ಇದರಲ್ಲಿ ಕತ್ತಿ ಹಿಡಿದ ಜಪಾನಿ ಅಧಿಕಾರಿಯೊಬ್ಬ ದಾಳಿಗೆ ಮುಂಚೆ ತನ್ನವರ ಮುಂದೆ ನಿಂತು ಉದ್ದಕ್ಕೆ ಏನೋ ಹೇಳುತ್ತಾನೆ. ಅದೇ ನನ್ನ ಪಾರ್ಟು. ಅವ್ವನಿಗೆ, ಲೇತಿನ ಗೆಳೆಯರಿಗೆ ಎಲ್ಲ ಹೇಳಿಕೊಂಡು ಬಂದಿದ್ದೆ, ಈ ಸಲ ನನ್ನ ಮಾತು ಕೇಳ್ರಿ ಎಂದು. ಬಂದು ನೋಡಿದರೆ, ಅವನು ಅಷ್ಟು ಮಾತಾಡಿದರೂ ಕೆಳಗೆ ಇಂಗ್ಲಿಷಿನಲ್ಲಿ ಒಂದಕ್ಷರ ಬರೆದಿಲ್ಲ. ಅವನು ಏನು ಹೇಳಿದ ಎನ್ನುವುದು ಸಿನಿಮಾ ಮಾಡಿದವರಿಗೇ ಬೇಕಾಗಿಲ್ಲ.

"ಜಪಾನಿಯಂಗೆ ಏನರ ಬೊಗಳು, ಯಾರಿಗೆ ತಿಳಿತೈತೆ?" ಎಂದ ಅಂಜನ್.

ಹದಡಿ ಊರಿನ ದೊಡ್ಡಾಟದಲ್ಲಿ ಸೋದರಮಾವ ಸೂರಪ್ಪನ ಕೈಯಲ್ಲಿ ರಾಕ್ಷಸನ ಪಾರ್ಟು ಕಲಿತವನು ನಾನು. ಅಲ್ಲಿ ಎಂಥ ದುಷ್ಟ ರಂಗಕ್ಕೆ ಬಂದರೂ ಆಟ ನಡೆಸುವ ಸಾರಥಿ ಮೊದಲು ವಿಚಾರಿಸಬೇಕು, ಯಾರು ನೀವು, ಯಾವ ಊರು ಎಂದು. ಅವನು ಹೇಳಿಕೊಳ್ಳಬೇಕು. ಯುದ್ಧ, ಸಾವು ಎಲ್ಲ ಆಮೇಲೆ. ಪರದೆಯಲ್ಲಿ ಕತ್ತಿ ಎದ್ದದ್ದೇ ತಡ, ನನ್ನ ಬಾಯಿ ತಾನೇ ತೆರೆಯಿತು: "ಎಲೈ ಸಾರಥಿ! ನಾನು ಯಾರೆಂದು ಕೇಳುವಂಥವನಾಗು! ಕಡಲ ದಂಡೆಯಲ್ಲಿ ಬಲೆ ಹೆಣೆಯುವವಳ ಹಿರಿಯ ಮಗನು..."

ಸಿನಿಮಾದ ಆ ಕಾಡಿನಲ್ಲಿ ಸಾರಥಿ ಎಲ್ಲಿಂದ ಬರಬೇಕು! ಅಂಜನ್ ತಡೆದು ಏಳನೇ ಕ್ಲಾಸಿನ ಮಾತು ಆಡಿದ್ದು ಆಗಲೇ.

"ಅಣ್ಣಾ, ಯಾರು ಅಂತ ಹೇಳ್ದೆ ಅವ್ನು ಹೆಂಗೆ ಸಾಯ್ತಾನೆ?" ಎಂದೆ.

"ಯುದ್ಧದಾಗೆ ಸಿಕ್ಕ ಕೈದಿಗಳನ್ನ ಬಡಿದು ಕೊಂದೋರು ಕಣಲೇ ಅವ್ರು. ಒಳ್ಳೇರಲ್ಲ," ಎಂದ ಅರುಣ್.

"ಒಳ್ಳೇರು ಅಂತ ಯಾರಂದ್ರು? ನಮ್ಮ ರಾಕ್ಷಸ ಒಳ್ಳೇನೇನು? ಆದ್ರೂ ಹೇಳೇ ಸಾಯ್ತಾನೆ."

"ಹೌದಲ್ರೀ," ಎಂದಳು ಆಶಾರಾಣಿ, ಮೆಲ್ಲಗೆ.

ಅಂಜನ್ ಅವಳತ್ತ ನೋಡಲೂ ಇಲ್ಲ. ನಗಿಸಲೆಂದೇ ನನ್ನ ದನಿಯನ್ನು ಸ್ಪೀಕರಿನಲ್ಲಿ ಹಾಕಿದ. ಮತ್ತೊಮ್ಮೆ ಹಾಕಿದ. ಅರುಣ್ ಕುರ್ಚಿ ಬಡಿದು ನಕ್ಕ. ಅಂಜನ್‌ನ ಕಣ್ಣು ಅರಳಿತು, ಸಂತೆಯಲ್ಲಿ ಅಗ್ಗಕ್ಕೆ ಎತ್ತು ಸಿಕ್ಕವನ ಹಾಗೆ.

"ಲೇ, ಇದೇ ಇರ್ಲಿ! ಜಪಾನಿ ದೊಡ್ಡಾಟ! ಜನ ಬಿದ್ದು ಬಿದ್ದು ನಗ್ತಾರೆ. ಮಾತು ಬೇಕು ಅಂತಿದ್ಯಲ್ಲ, ತಗಾ, ಇಡೀ ಪಾರ್ಟು ನಿಂದೇ. ಇನ್ನೊಂಚೂರು ಮೂಗಿನಾಗೆ ಎಳಿ."

ಹೀಗೆ ಸಿಕ್ಕಿತು ನನಗೆ ಮಾತಿನ ಪಾರ್ಟು. ಅವ್ವ ಕೇಳುತ್ತಾಳೆ. ಮಾವನೂ ಕೇಳುತ್ತಾನೆ, ಅವನು ಕಲಿಸಿದ ಮಾತಿಗೆ ಊರೆಲ್ಲ ನಗುವುದನ್ನು. ಬರೀ ಕಿರುಚುತ್ತಿದ್ದಾಗ ಜನ ಕಡೇಪಕ್ಷ ಹೆದರುತ್ತಿದ್ದರು.

"ಅಳಿಸಿಬಿಡ್ರಿ," ಎಂದೆ.

"ಯಾಕ? ಉಳಿದದ್ದು ಹೇಳಿ ಮುಗಿಸು. ಬ್ಯಾಡ ಅಂದ್ರೆ ಮದ್ಲಿನಂಗೆ ಕಿರುಚು. ಎರಡ್ರಾಗೆ ಯಾವ್ದು?"

ಪರದೆಯಲ್ಲಿ ಅಧಿಕಾರಿ ಬಾಯಿ ತೆರೆದು ನಿಂತೇ ಇದ್ದ. ನಾನು ಹೆಡ್‌ಫೋನ್ ತೆಗೆದು ಸ್ಟೂಲಿನ ಮೇಲಿಟ್ಟೆ.

"ಎಲ್ಲಿಗಲೇ? ನೀ ಇಲ್ಲಾಂದ್ರೆ ಕಿರುಚೋರು ಸಿಗಲ್ಲ ಅಂದ್ಕಂಡಿಯಾ? ಲೇ, ಕೇಳ್ತಿರಾದು ನಿನ್ನನ್ನೇ!"

ಮೆಟ್ಟಿಲು ಇಳಿದೆ. ಅವನು ಮೇಲಿಂದ ಕೂಗುತ್ತಲೇ ಇದ್ದ. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.