ಕೈ ತೊಳೆಯುವ ಒರಳು

ಅವತ್ತು ಬೆಳಿಗ್ಗೆ ಆವಣಿ ಬೆಟ್ಟಕ್ಕೆ ತಲೆಯೇ ಇರಲಿಲ್ಲ, ಅಷ್ಟು ಮಂಜು. "ಬೆಟ್ಟದ ಮೇಲಿನ ಸೀತಮ್ಮ ತಾಯಿ ಇನ್ನೂ ಕಂಬಳಿ ಹೊದ್ದು ಮಲಗವ್ಳೆ. ನಮಗೆಲ್ಲಿ ಆ ಪುಣ್ಯ" ಎನ್ನುತ್ತ ಆಂಜಿನಮ್ಮ ಒರಳಿನ ಗುಂಡುಕಲ್ಲನ್ನು ಸೊಂಟಕ್ಕೇರಿಸಿಕೊಂಡಳು. ಹಿಂದೆ ಕೇರಿಯ ಮೂವರು ಹೆಂಗಸರು. ನಾಳೆ ಗಂಗಮ್ಮನ ಹಬ್ಬ. ತಾಯಿಯ ಎಡೆಗೆ ರುಬ್ಬಿದ ಖಾರವೇ ಆಗಬೇಕು. ಇಡೀ ಕೇರಿಗೆ ಇದ್ದದ್ದು ಒಂದೇ ಒರಳು, ಅದು ಈಗ ಅಮಲ್ದಾರರ ಬಂಗ್ಲೆಯಲ್ಲಿತ್ತು.

ಬೆಟ್ಟದ ಕೆಳಗಿನ ಆ ಹಳೇ ಬಂಗ್ಲೆಯನ್ನು ಕೋಲಾರದ ಟೊಮೆಟೊ ಸಾಹುಕಾರ ಮುರಳಿಮೋಹನ್ ಕೊಂಡು ಹೊಸದು ಮಾಡಿಸಿದ್ದ. ಹೊಸದಾದ ಮೇಲೂ ಹಳೇದರಂಗೆ ಕಾಣಬೇಕು ಎಂಬುದು ಅವನ ಹಟ. "ಫೋಟೋ ತೆಗೆಸಿ ಎರಡೇ ದಿನಕ್ಕೆ ಕಳಿಸ್ತೀನಮ್ಮ" ಅಂತ ಒರಳು ಹೊರಿಸಿಕೊಂಡು ಹೋಗಿ ಎರಡು ತಿಂಗಳಾಗಿತ್ತು. ಕೇಳಲು ಹೋದರೆ ಗೇಟು ತೆಗೆಯುತ್ತಿರಲಿಲ್ಲ. ಅಲ್ಲೇ ಗಾರೆ ಕೆಲಸಕ್ಕಿದ್ದ ಆಂಜಿನಮ್ಮನ ಮೈದುನ ಮುನಿಯಲ್ಲಪ್ಪ, ಕೇಳಿದಾಗೆಲ್ಲ ಕಣ್ಣು ತಪ್ಪಿಸುತ್ತಿದ್ದ.

ಇವತ್ತು ಗೃಹಪ್ರವೇಶ. ಗೇಟು ತೆರೆದಿತ್ತು.

ಹಾಲ್‌ನಲ್ಲಿ ತೇಗದ ಪೀಠದ ಮೇಲೆ ಒರಳು ಕೂತಿತ್ತು, ಮೇಲೊಂದು ಹಿತ್ತಾಳೆ ನಲ್ಲಿ. ನೆಂಟರು ಅದರಲ್ಲಿ ಕೈ ತೊಳೆದು ಹೊಗಳುತ್ತಿದ್ದರು.

"ಊಟ ಹಿಂದುಗಡೆ ಕೊಡ್ತಾರಮ್ಮ" ಎಂದ ಮುರಳಿಮೋಹನ್.

"ಊಟಕ್ಕೆ ಬಂದಿಲ್ಲ ಸಾರ್. ಗಂಡನ್ನ ಕರ್ಕೊಂಡು ಬಂದಿದೀನಿ." ಆಂಜಿನಮ್ಮ ಗುಂಡನ್ನು ಹೊಳೆಯುವ ನೆಲದ ಮೇಲೆ ಇಳಿಸಿದಳು. "ಇವನ ಹೆಂಡ್ತೀನ ನೀವು ಎತ್ಕೊಂಡು ಬಂದು ಎರಡು ತಿಂಗಳಾಯ್ತು. ಬಿಟ್ಕೊಡಿ."

"ಅದಕ್ಕೆ ತೂತು ಹೊಡೆಸಾಯ್ತು. ಮಿಕ್ಸಿ ಕೊಡಿಸ್ತೀನಿ, ಹೋಗು."

"ಗಂಗಮ್ಮಂಗೆ ಮಿಕ್ಸಿ ಒಗ್ಗಲ್ಲ ಸಾರ್. ಕರೆಂಟ್ ಹೋದ್ರೆ ಸಿಟ್ಟಾಗ್ತಾಳೆ."

ಯಾರೋ ನಕ್ಕರು. ದೇವರ ಮನೆಯಿಂದ ಮುರಳಿಮೋಹನನ ತಾಯಿ ಶಾಮಲಮ್ಮ ಹೊರಬಂದರು. "ಇದು ಹಂಪಿ ಕಡೇದು ಅಂದಿದ್ದನಲ್ಲ ಇವನು?"

"ಹಂಪಿ ಅಲ್ಲಮ್ಮ, ನಮ್ಮ ಕೇರೀದು. ಹೋದ ವರ್ಷ ಮೂರು ಕುರಿಗೆ ಖಾರ ರುಬ್ಬಿದ್ದು ಇದರಾಗೇ. ನಾನೇ ರುಬ್ಬಿದ್ದೆ, ಈ ಕೈಯಾಗೆ."

ಶಾಮಲಮ್ಮನ ಕೈಯ ಕುಂಕುಮದ ಬಟ್ಟಲು ವಾಲಿತು. "ಲೇ ಮುರಳಿ, ಬೆಳಿಗ್ಗೆ ದೇವರ ಸಾಮಾನು ಅದರಲ್ಲೇ ತೊಳೆದ್ನಲ್ಲೋ. ಎತ್ತಿಸೋ ಅದನ್ನ, ಈಗ್ಲೇ."

ಕೈ ತೊಳೆದಿದ್ದ ನೆಂಟರು ತಂತಮ್ಮ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತರು. ಅವನ್ನು ಎಲ್ಲಿಡಬೇಕೋ ಯಾರಿಗೂ ತೋಚಲಿಲ್ಲ.

"ದೇವರಿಗೇನೂ ಆಗಿಲ್ಲ ಕಣಮ್ಮ" ಎಂದಳು ಆಂಜಿನಮ್ಮ, ಮೆತ್ತಗೆ. "ನಿಮಗೂ ಏನೂ ಆಗಿಲ್ಲ. ಬೇಕಾದ್ರೆ ಮುಟ್ಟಿ ನೋಡ್ಕಳಿ."

ಮುನಿಯಲ್ಲಪ್ಪ ತಲೆ ತಗ್ಗಿಸಿಕೊಂಡೇ ಬಂದು ನಲ್ಲಿ ಬಿಚ್ಚಿದ.

"ಹಿಂದಿನ ಬಾಗಿಲಿಂದ ತಗೊಂಡು ಹೋಗಿ" ಎಂದ ಮುರಳಿಮೋಹನ್.

"ಮುಂದಿನ ಬಾಗಿಲಿಂದ ಬಂದಿದ್ದು ಸಾರ್. ಹಂಗೇ ಹೋಗ್ತದೆ."

ಒರಳೊಳಗೆ ಗುಂಡನ್ನು ಕೂರಿಸಿ, ಹೆಣ್ಣುಗಂಡು ಇಬ್ಬರನ್ನೂ ನಾಲ್ವರು ಹೆಂಗಸರು ಮಾವಿನ ತೋರಣದ ಕೆಳಗೇ ಹೊತ್ತು ತಂದರು. ಗೇಟಿನಾಚೆ ಇಳಿಸಿ ಗುಂಡು ತೆಗೆದರೆ, ತಳದ ತೂತಿನಲ್ಲಿ ರಸ್ತೆಯ ಮಣ್ಣು ಕಾಣುತ್ತಿತ್ತು.

"ಇದ್ರಾಗೆ ಖಾರ ನಿಲ್ಲುತ್ತೇನೇ?" ಎಂದಳು ಒಬ್ಬಳು.

"ವದಿನಾ" ಎಂದು ಹಿಂದಿನಿಂದ ಅತ್ತಿಗೆಯನ್ನು ಕರೆದ ಮುನಿಯಲ್ಲಪ್ಪ. "ತೂತು ಹೊಡೆದೋನು ನಾನೇ." ಬುತ್ತಿ ಡಬ್ಬಿಯ ಮುಚ್ಚಳ ತೆಗೆದು, ಅವತ್ತು ಕೊರೆದು ತೆಗೆದಿದ್ದ ಕಲ್ಲಿನ ತುಂಡನ್ನು ಅವಳ ಅಂಗೈಗಿಟ್ಟ.

ಅದರ ಒಂದು ಮುಖ ನುಣ್ಣಗಿತ್ತು. ಅತ್ತೆಯಂದಿರು, ಅವರ ಅತ್ತೆಯಂದಿರು ರುಬ್ಬಿ ರುಬ್ಬಿ ಸವೆಸಿದ ಮುಖ.